ಬಾಗಿಲ ಹೊರಗಿನ ತಪಾಸಣೆ

ನಮ್ಮವರು ಮನೆ ನೋಡುವುದಿಲ್ಲ, ತಪಾಸಣೆ ಮಾಡುತ್ತಾರೆ. ರುವೈಸ್‌ನ ರಿಫೈನರಿಯಲ್ಲಿ ಸೇಫ್ಟಿ ಇನ್‌ಸ್ಪೆಕ್ಟರ್ ಆಗಿಯೇ ತಲೆ ನರೆತ ಮನುಷ್ಯ. ನಮ್ಮ ಮದುವೆಯ ದಿನವೂ ಚಪ್ಪರದ ವಯರಿಂಗ್ ನೋಡಿಯೇ ಮಂಟಪಕ್ಕೆ ಕಾಲಿಟ್ಟವರು. ಇನ್ನು ಮಗಳಿಗೆ ದುಬೈಯಲ್ಲಿ ಒಂದು ರೂಮು ಹುಡುಕಿ ಎಂದರೆ ಕೇಳಬೇಕೆ?

ಮಗಳು ದೀಕ್ಷಿತಾಳಿಗೆ ಜುಮೇರಾ ಲೇಕ್ ಟವರ್ಸ್‌ನಲ್ಲಿ ಕೆಲಸ ಸಿಕ್ಕಿತ್ತು. ನಾವಿರುವ ರುವೈಸ್‌ನಿಂದ ದುಬೈಗೆ ದಿನಾ ಹೋಗಿ ಬರುವ ದೂರವಲ್ಲ. ಆಫೀಸಿನ ಹತ್ತಿರದ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಹಾಗಾಗಿ ಮೆಟ್ರೊ ಇರುವ ಕಡೆ ಯಾರದಾದರೂ ಮನೆಯಲ್ಲಿ ಶೇರಿಂಗ್ ರೂಮು ನೋಡಬೇಕಿತ್ತು. ಸೇಫ್ ಆದ ರೂಮು ಸಿಕ್ಕಿದರೆ ಸರಿ, ಸಿಗದಿದ್ದರೆ ಕೆಲಸವೇ ಬೇಡ ಎಂದು ಇವರು ಷರತ್ತು ಹಾಕಿದರು. ಆಮೇಲೆ ನೋಡಿದ್ದಕ್ಕೆಲ್ಲ ಕೊಂಕು. ಒಂದು ಕಡೆ ಕಿಟಕಿ ಪೂರ್ತಿ ತೆರೆಯುವುದಿಲ್ಲ. ಇನ್ನೊಂದು ಕಡೆ ಹಾಲ್ ಅನ್ನು ಪ್ಲೈವುಡ್ ಹಾಕಿ ಭಾಗ ಮಾಡಿದ್ದರು; ಅದನ್ನು ಬೇಡವೆಂದದ್ದು ನ್ಯಾಯವೇ. ಆದರೆ ಕರಾಮದ ಒಂದು ಮನೆಯಲ್ಲಿ ಎಲ್ಲವೂ ಚೆನ್ನಾಗಿತ್ತು. ಫೈರ್ ಎಕ್ಸಿಟ್‌ನ ಮೆಟ್ಟಿಲಲ್ಲಿ ಯಾರೋ ಸೈಕಲ್ ಇಟ್ಟಿದ್ದರು, ಅಷ್ಟೇ.

"ಸೈಕಲ್ ತೆಗೆಸಿದ್ರಾಯ್ತಲ್ಲ ಮಾರಾಯ್ರೆ!"

"ಇವತ್ತು ತೆಗೀತಾರೆ, ನಾಳೆ ಪುನಃ ಇಡ್ತಾರೆ ಜಲಜಾ" ಎಂದರು.

ಕೊರತೆ ಮನೆಗಳಲ್ಲಿರಲಿಲ್ಲ. ಇವರಿಗೆ ಮಗಳನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಮನಸ್ಸು ನನಗೂ ಇರಲಿಲ್ಲ, ಆದರೆ ಅದಕ್ಕಾಗಿ ನಾನು ಸೈಕಲ್ಲಿನ ಹಿಂದೆ ಅಡಗಲಿಲ್ಲ.

ಅವಳು ಕೆಲಸಕ್ಕೆ ಸೇರಬೇಕಾದದ್ದು ಸೋಮವಾರ. ಭಾನುವಾರ ಬೆಳಿಗ್ಗೆ ಅವಳ ಸಾಮಾನು ಕಾರಿಗೆ ಹಾಕಿಕೊಂಡು ಕೊನೆಯ ಮನೆ ನೋಡಲು ಹೊರಟೆವು. ಅಲ್ ಮುರಕ್ಕಬಾತ್‌ನ ಒಂದು ಹಳೆಯ ಕಟ್ಟಡ. ಮನೆ ಭಟ್ಕಳದ ಝುಬೈದಾ ಎಂಬವರದು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇದ್ದು, ಒಂದು ರೂಮನ್ನು ಕೆಲಸಕ್ಕೆ ಹೋಗುವ ಹುಡುಗಿಯರಿಗೆ ಕೊಡುತ್ತಿದ್ದರು.

"ಇದೂ ಆಗದಿದ್ರೆ ಖಲಾಸ್. ಸೀದಾ ರುವೈಸ್" ಎಂದು ಇವರು ದಾರಿಯಲ್ಲೇ ಹೇಳಿಬಿಟ್ಟರು. ದೀಕ್ಷಿತಾಳ ಮುಖ ನೋಡಿ ನನಗೆ ಸಂಕಟವಾಯಿತು.

ಝುಬೈದಾ ಬಾಗಿಲು ತೆರೆದು ನಮ್ಮಿಬ್ಬರನ್ನು ಒಳಗೆ ಕರೆದರು. ಟಾರ್ಚ್ ಹಿಡಿದು ಹಿಂದೆಯೇ ನುಗ್ಗಿದ ಇವರಿಗೆ ಕೈ ಅಡ್ಡ ಹಿಡಿದರು.

"ನೀವು ಅಲ್ಲೇ ನಿಲ್ಲಿ ಭಾಯ್. ನಮ್ಮಲ್ಲಿ ಗಂಡಸರು ಒಳಗೆ ಬರುವ ಹಾಗಿಲ್ಲ."

"ನಾನು ಹುಡುಗಿಯ ಅಪ್ಪ!"

"ಅಪ್ಪ ಗಂಡಸಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಇದಕ್ಕಿಂತ ಸೇಫ್ ಆದ ಮನೆ ಇಡೀ ದುಬೈಯಲ್ಲಿಲ್ಲ ಎಂದು ಇವರಿಗೂ ಗೊತ್ತಾಗಿರಬೇಕು. ಒಳಗೆ ಕಾಲಿಡದೆ ಕೊಂಕು ಹುಡುಕುವುದು ಹೇಗೆಂದು ಮಾತ್ರ ತಿಳಿಯಲಿಲ್ಲ. ಝುಬೈದಾ ಕಾರಿಡಾರಿಗೇ ಒಂದು ಕುರ್ಚಿ, ಒಂದು ಲೋಟ ಸುಲೈಮಾನಿ ಚಹಾ ಕಳಿಸಿದರು. ಇವರು ಕುಳಿತಲ್ಲಿಂದಲೇ ಶುರು ಮಾಡಿದರು.

"ಕಿಟಕಿ?"

"ಪೂರ್ತಿ ಓಪನ್ ಆಗ್ತದೆ ಪಪ್ಪ" ಎಂದು ದೀಕ್ಷಿತಾ ಒಳಗಿನಿಂದ ಕೂಗಿದಳು.

"ಸ್ಮೋಕ್ ಡಿಟೆಕ್ಟರ್?"

"ವರ್ಕಿಂಗ್. ಐ ಟೆಸ್ಟೆಡ್."

"ಗ್ಯಾಸ್?"

ಅವಳು ಅಡುಗೆಮನೆಯಲ್ಲಿ ಬಗ್ಗಿ ಸಿಲಿಂಡರಿನ ಪೈಪನ್ನು ಮಡಚಿ ನೋಡುತ್ತಿದ್ದಳು. ತುದಿಯಲ್ಲಿ ಸಣ್ಣ ಬಿರುಕುಗಳಿದ್ದವು. ಹೇಳಬೇಡ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ, ಕೈಯನ್ನೂ ಆಡಿಸಿದೆ. ನಾಳೆ ಬದಲಾಯಿಸಿದರೆ ಮುಗಿಯುವ ಸಂಗತಿ. ಅವಳು ನನ್ನನ್ನು ನೋಡಿದಳು, ಬಾಗಿಲ ಕಡೆ ನೋಡಿದಳು.

"ಪೈಪ್ ಕ್ರ್ಯಾಕ್ ಆಗಿದೆ ಪಪ್ಪ. ದಿಸ್ ಈಸ್ ನಾಟ್ ಸೇಫ್."

ಎಲ್ಲ ಮುಗಿಯಿತು ಅಂದುಕೊಂಡೆ. ಸೈಕಲ್ಲಿಗೇ ಮನೆ ಬೇಡವೆಂದವರ ಕೈಗೆ ಮಗಳೇ ಕಾರಣ ಕೊಟ್ಟಿದ್ದಳು. ಹೊರಗೆ ಇಣುಕಿದರೆ ಕುರ್ಚಿ ಖಾಲಿ. ಕೋಪದಲ್ಲಿ ಕಾರಿಗೆ ಹೋಗಿ ಕುಳಿತರು ಎಂದುಕೊಂಡು ನಾನು ಝುಬೈದಾರ ಕ್ಷಮೆ ಕೇಳತೊಡಗಿದೆ. ದೀಕ್ಷಿತಾ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ಇವರು ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಹೊಸ ಪೈಪ್, ಎರಡು ಕ್ಲಿಪ್, ಒಂದು ಸ್ಕ್ರೂಡ್ರೈವರ್. ಕೆಳಗಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದರಂತೆ. ಹೊಸ್ತಿಲಿನಾಚೆಯಿಂದಲೇ ಮಗಳಿಗೆ ಚಾಚಿದರು.

"ಯಲ್ಲಾ, ಹೂಂ ಬೇಗ, ನೀನೇ ಹಾಕು. ಮೊದಲು ರೆಗ್ಯುಲೇಟರ್ ಆಫ್ ಮಾಡು."

"ಮಾಡಿದೆ."

"ಹಳೇ ಕ್ಲಿಪ್ಪು..."

"ತೆಗೆದೆ."

ಇವರ ಬಾಯಿಗಿಂತ ಅವಳ ಕೈ ಮುಂದಿತ್ತು. ಹೊಸ ಪೈಪ್ ಹಾಕಿ, ರೆಗ್ಯುಲೇಟರ್ ಆನ್ ಮಾಡಿ, ಹೇಳುವ ಮೊದಲೇ ಸೋರುತ್ತದೆಯೇ ಎಂದು ಸೋಪಿನ ನೀರು ಹಚ್ಚಿ ನೋಡಿದಳು.

"ಗುಳ್ಳೆ ಉಂಟಾ?"

"ಒಂದೂ ಇಲ್ಲ."

"ಸರಿ ನೋಡು."

"ನೋಡಿದೆ ಪಪ್ಪ."

ನಾನು ಹೊರಗೆ ಬಂದು ಇವರ ಪಕ್ಕ ನಿಂತೆ.

"ಸುಳ್ಳು ಹೇಳಬಹುದಿತ್ತಲ್ಲ ಅವಳು?" ಎಂದು ಮೆಲ್ಲಗೆ ಕೇಳಿದರು.

"ನಾನೇ ಹೇಳಿಕೊಟ್ಟೆ. ಕೇಳ್ಬೇಕಲ್ಲ? ನಿಮ್ಮದೇ ಮಗಳು."

ಇವರ ಮೂಗಿನ ತುದಿ ಕೆಂಪಾಯಿತು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಇವರ ಮೇಲೆ ಅಷ್ಟು ಪ್ರೀತಿ ಬಂದದ್ದು ಕಡಿಮೆ. ಕಾರಿನಿಂದ ಸಾಮಾನು ತಂದುಕೊಟ್ಟದ್ದೂ ಇವರೇ. ದೀಕ್ಷಿತಾ ಓಡಿಬಂದು ಇವರನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಇವರು ಅವಳ ತಲೆ ಸವರಿ ಮೆಲ್ಲಗೆ ಹೊಸ್ತಿಲಿನೊಳಗೆ ತಳ್ಳಿದರು.

"ಬಾಗಿಲು ಹಾಕ್ಕೊ ಮಗಾ. ನಾವು ಬರ್ತೇವೆ."

ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳುವವರೆಗೆ ಇವರು ಅಲ್ಲಿಂದ ಕದಲಲಿಲ್ಲ.