ಹೂಂ ಅಂದ ಹುಡುಗಿ

ರಜೆ ಬಂತೆಂದರೆ ಬಣ್ಣದಂಗಡಿಯ ಮಹಡಿಯ ಮೇಲಿದ್ದ ಆ ಶಿಬಿರದಲ್ಲಿ ಕಾಲಿಡಲು ಸಂದಿ ಸಿಗುತ್ತಿರಲಿಲ್ಲ. ಮೆಟ್ಟಿಲು ಹತ್ತಿದ ಕೂಡಲೇ ಚಿತ್ರಕಲೆಯ ಮಕ್ಕಳು, ಅವರಾಚೆ ಮೊಣಕೈವರೆಗೂ ಜೇಡಿಮಣ್ಣು ಮೆತ್ತಿಕೊಂಡವರು, ಕೊನೆಗೆ ಕನ್ನಡಿ ಗೋಡೆಯ ದೊಡ್ಡ ಕೋಣೆಯಲ್ಲಿ ನಾಟಕದವರು. ನಾಟಕ ಕಲಿಸುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ವಯಸ್ಸು ನಲವತ್ತು ದಾಟಿ, ಕಿವಿಯ ಪಕ್ಕ ಕೂದಲು ನರೆತಿದ್ದರೂ ಅವಳು ಅಕ್ಕನೇ.

ಅಕ್ಕನ ಕೋಣೆಗೆ ಎರಡು ಕಟ್ಟಳೆಗಳಿದ್ದವು. ಮನೆಯ ಹೆಸರನ್ನು ಚಪ್ಪಲಿಯ ಜೊತೆ ಬಾಗಿಲಾಚೆ ಬಿಟ್ಟು, ತಮಗೆ ಬೇಕಾದ ಹೆಸರಿಟ್ಟುಕೊಂಡು ಒಳಗೆ ಬರಬೇಕು. ಎರಡನೆಯದು, ಈ ಕೋಣೆಯಲ್ಲಿ ಹೇಳಿದ್ದು ಈ ಕೋಣೆಯಲ್ಲೇ ಇರಬೇಕು. ಎರಡನೆಯದನ್ನು ಅವಳು ಪ್ರತಿ ಶಿಬಿರದ ಮೊದಲ ದಿನವೂ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತಿದ್ದಳು.

ಆ ಸಲ ಒಬ್ಬ ಹುಡುಗ ರೈಲು ಎಂದು ಹೆಸರಿಟ್ಟುಕೊಂಡ. ಗಂಟಲು ಜೋರಿದ್ದ ಒಬ್ಬಳು ಗಂಟೆಯಾದಳು. ಹಿಂದೆ ಗೋಡೆಗೆ ಒರಗಿ ನಿಂತಿದ್ದ, ಹದಿಮೂರರ ಆಸುಪಾಸಿನ ತೆಳ್ಳನೆಯ ಹುಡುಗಿ ಸಣ್ಣ ದನಿಯಲ್ಲಿ, "ಗುಂಡಿ" ಎಂದಳು.

"ಹುಷಾರು, ಬಿದ್ದುಬಿಟ್ಟೀರ!" ಎಂದ ರೈಲು. ಎಲ್ಲರೂ ನಕ್ಕರು.

"ಬೀಳೋ ಗುಂಡಿ ಅಲ್ಲ, ಹಾಕ್ಕೊಳ್ಳೋ ಗುಂಡಿ," ಎಂದಳು ಅವಳು. "ನಮ್ಮಮ್ಮ ಟೈಲರ್."

ಹಾಗೆ ಅವಳು ಗುಂಡಿಯಾದಳು. ಕೇಳಿದ್ದಕ್ಕಷ್ಟೇ ಉತ್ತರ, ಅದೂ ಪಕ್ಕದವರಿಗಷ್ಟೇ ಕೇಳಿಸುವಂತೆ. ಇವಳ ಬಾಯಿ ಬಿಡಿಸುವುದು ನನ್ನ ಕೆಲಸ ಎಂದು ಅಕ್ಕ ಮನಸ್ಸಿನಲ್ಲೇ ಅಂದುಕೊಂಡಳು. ಆಮೇಲೆ ನೆನೆದಾಗಲೆಲ್ಲ ಅವಳನ್ನು ಚುಚ್ಚಿದ್ದು ಇದೇ. ಬಾಯಿ ಬಿಡಿಸಿದ್ದು ತಾನೇ.

ಒಂದು ಬೆಳಗ್ಗೆ ಅಕ್ಕ ಮಕ್ಕಳನ್ನು ಸುತ್ತಲೂ ಕೂರಿಸಿ, ಮನೆಯಲ್ಲಿ ತಾವೊಬ್ಬರೇ ಕಂಡ ಏನನ್ನಾದರೂ ಮಾಡಿ ತೋರಿಸಲು ಹೇಳಿದಳು. ರೈಲು ತನ್ನ ತಾತ ಹಲ್ಲಿನ ಸೆಟ್ಟು ಹುಡುಕುವುದನ್ನು ಮಾಡಿದ. ಗಂಟೆ ತನ್ನ ಚಿಕ್ಕಪ್ಪ ಕನ್ನಡಿ ಮುಂದೆ ಹೊಟ್ಟೆ ಎಳೆದುಕೊಳ್ಳುವುದನ್ನು ಮಾಡಿದಳು. ಆಮೇಲೆ, ಯಾರೂ ಕರೆಯದೆಯೇ, ಗುಂಡಿ ಎದ್ದು ನಡುವೆ ಬಂದು ನಿಂತಳು.

ಖಾಲಿ ಕೈಯನ್ನು ಕಿವಿಗಿಟ್ಟುಕೊಂಡು ಭುಜದಿಂದ ಒತ್ತಿ ಹಿಡಿದಳು. ಇನ್ನೊಂದು ಕೈ ಕಾಣದ ಬಟ್ಟೆಯನ್ನು ಮಡಿಸುತ್ತಿತ್ತು. "ಹೂಂ ರೀ... ಊಟ ಆಯ್ತಾ ರೀ? ಮಗು ಚೆನ್ನಾಗಿದ್ದಾಳೆ. ಪರೀಕ್ಷೆ ಹೇಗ್ ಮಾಡಿದ್ಲು ಅಂತಾನಾ? ಪರವಾಗಿಲ್ವೇ, ಎಲ್ಲ ನೆನಪಿಟ್ಕೊಂಡಿದ್ದೀರಲ್ಲ! ಇಲ್ಲೇ ಇದ್ದಾಳೆ, ಕೊಡ್ತೀನಿ ಇರಿ... ಏನು, ಕೆಲಸ ಬಂತಾ? ಹೋಗ್ಲಿ ಬಿಡಿ, ಆಮೇಲೆ ಮಾಡಿ." ಅಷ್ಟರಲ್ಲಿ ಗುಂಡಿ ತಾನೇ ಬಾಯಲ್ಲಿ 'ಟ್ರಿಣ್ ಟ್ರಿಣ್' ಎಂದು, ಕಿವಿಯ ಪಕ್ಕ ಸಿಡಿಲು ಬಡಿದವಳಂತೆ ಹೌಹಾರಿದಳು. ಮಾತಾಡುತ್ತಿದ್ದ ಫೋನೇ ಕೈಯಲ್ಲಿ ರಿಂಗಾಗತೊಡಗಿತ್ತು!

ಮಕ್ಕಳು ಬಿದ್ದು ಬಿದ್ದು ನಕ್ಕರು. ಗುಂಡಿಯೂ ಸ್ವಲ್ಪ ನಕ್ಕಳು. ಆಮೇಲೆ ಅವಳು ನೆಲದ ಮೇಲೆ ಕೂತು, ಎರಡು ಕಾಲುಗಳನ್ನೂ ಮೇಲೆ ಕೆಳಗೆ ಆಡಿಸಿದಳು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.

"ಇದೇನು?" ಎಂದಳು ಅಕ್ಕ.

"ಇದು ನಾನು. ಒಳಗಡೆ ಮಿಷಿನ್ ತುಳೀತಿದ್ದೆ. ರಿಂಗ್ ಕೇಳಿಸ್ತು ಅಂತ ಅಮ್ಮಂಗೆ ಗೊತ್ತಾಗಬಾರ್ದು ಅಂತ ಇನ್ನೂ ಜೋರಾಗಿ ತುಳಿದೆ."

ಕೋಣೆಯಲ್ಲಿ ನಗು ನಿಂತುಹೋಯಿತು. ಅಪ್ಪ ಮನೆ ಬಿಟ್ಟು ಹೋಗಿ ವರ್ಷಗಳಾದವೆಂದು ಅವಳು ಹೇಳಬೇಕಾಗಿಯೇ ಬರಲಿಲ್ಲ. ಅಕ್ಕ ಅವಳ ತಲೆ ನೇವರಿಸಿ, "ತುಂಬಾ ಚೆನ್ನಾಗಿ ಮಾಡ್ದೆ," ಎಂದಳು. ಆದರೆ ಅಕ್ಕನ ತಲೆ ಆಗಲೇ ಬೇರೆ ಕಡೆ ಓಡುತ್ತಿತ್ತು.

ಶಿಬಿರದ ಕೊನೆಯ ದಿನ ಹೆತ್ತವರೆದುರು ಆಡಬೇಕಿದ್ದ ನಾಟಕ ನೀರು ನೀರಾಗಿತ್ತು. ಒಂದು ಬೀದಿ, ಅದರಲ್ಲಿ ಕೆಲವು ಅಂಗಡಿಗಳು, ಬಂದು ಹೋಗುವ ಜನ. ಎಲ್ಲ ಇತ್ತು, ಜೀವ ಮಾತ್ರ ಇರಲಿಲ್ಲ. ಈ ಫೋನಿನ ತುಣುಕು ಸೇರಿದರೆ ನಾಟಕ ಎದ್ದು ನಿಲ್ಲುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಟೈಲರ್ ಬದಲು ಬ್ರೆಡ್ ಅಂಗಡಿಯವಳು ಅಂದರಾಯಿತು, ಯಾರಿಗೆ ಗೊತ್ತಾಗುತ್ತದೆ? ಮರುದಿನ ಎಲ್ಲರೂ ಕೂತಿದ್ದಾಗಲೇ ಕೇಳಿದಳು.

"ಗುಂಡಿ, ನಿನ್ನೆ ನೀನು ಮಾಡಿದ್ದನ್ನ ನಾಟಕಕ್ಕೆ ಹಾಕ್ಕೊಳ್ಳೋಣ್ವಾ?"

"ಹಾಕೋಣ, ಹಾಕೋಣ!" ಎಂದು ರೈಲು ಕೂಗಿದ. ಉಳಿದವರು ಚಪ್ಪಾಳೆ ತಟ್ಟಿದರು. ಗುಂಡಿ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ತನ್ನ ಅಂಗಿಯ ತುದಿ ನೋಡಿಕೊಂಡು, "ಹೂಂ" ಎಂದಳು.

ಅದು ಒಪ್ಪಿಗೆಯ ಹೂಂ ಅಲ್ಲ. ಅಷ್ಟು ವರ್ಷ ಮಕ್ಕಳ ಜೊತೆ ಕೆಲಸ ಮಾಡಿದವಳಿಗೆ ಅಷ್ಟೂ ತಿಳಿಯದೆ? ತಿಳಿಯಿತು. ತಿಳಿದೂ ಆ ಹೂಂ ಅನ್ನು ಜೇಬಿಗೆ ಹಾಕಿಕೊಂಡಳು.

ಪಾತ್ರ ಗಂಟೆಗೆ ಹೋಯಿತು. ಗುಂಡಿಯ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ ಎಂಬುದು ಕಾರಣ. ಮಿಷಿನ್ ತುಳಿಯುವ ಭಾಗವನ್ನು ಅಕ್ಕ ತೆಗೆದುಹಾಕಿದಳು. ಅದಿದ್ದರೆ ಜನ ನಗುವುದನ್ನು ನಿಲ್ಲಿಸಿಬಿಡುತ್ತಿದ್ದರು.

ಉಡುಪು ಹೊಲಿದುಕೊಡಲು ಒಪ್ಪಿದ್ದು ಗುಂಡಿಯ ಅಮ್ಮನೇ. ಅಳತೆ ತೆಗೆಯಲು ಒಂದು ಮಧ್ಯಾಹ್ನ ಬಂದಳು. ಕೊರಳಲ್ಲಿ ಟೇಪು, ತುಟಿಗಳ ನಡುವೆ ಗುಂಡುಪಿನ್ನುಗಳು, ಆ ಪಿನ್ನುಗಳ ಸಂದಿಯಿಂದಲೇ ಮಾತು. ಮಕ್ಕಳನ್ನು ತಿರುಗಿಸಿ ನಿಲ್ಲಿಸುತ್ತ, "ಉಸಿರು ಬಿಡಪ್ಪ, ನಾಟಕದ ದಿನಾನೂ ಹೀಗೇ ಬಿಗಿಹಿಡ್ಕೊಂಡಿರ್ತೀಯಾ?" ಎಂದು ನಗಿಸುತ್ತಿದ್ದಳು. ಗಂಟೆ ಅವಳನ್ನೇ ಎವೆಯಿಕ್ಕದೆ ನೋಡುತ್ತಿದ್ದಳು.

ಹೊರಡುವಾಗ ಆಕೆ ಅಕ್ಕನನ್ನು ಪಕ್ಕಕ್ಕೆ ಕರೆದಳು. "ನನ್ನ ಮಗಳು ಇಲ್ಲಿ ಬಾಯಿ ಬಿಡ್ತಾಳಾ, ಮೇಡಂ? ಮನೇಲಿ ಮಾತೇ ಇಲ್ಲ."

"ಬಿಡ್ತಾಳೆ. ಚೆನ್ನಾಗಿ ಮಾತಾಡ್ತಾಳೆ."

"ಅಬ್ಬ, ಸದ್ಯ!" ಆಕೆಯ ಮುಖ ಅರಳಿತು. "ಅವರಪ್ಪಾನೂ ಫೋನ್ ಮಾಡ್ದಾಗೆಲ್ಲ ಕೇಳ್ತಾನೇ ಇರ್ತಾರೆ, ನಾಟಕ ಯಾವತ್ತು, ಅವಳದ್ದೇನು ಪಾತ್ರ ಅಂತ."

ಅಕ್ಕ ಕಣ್ಣು ತಪ್ಪಿಸಿ, ಮೆಟ್ಟಿಲವರೆಗೂ ಆಕೆಯನ್ನು ಬಿಟ್ಟುಬಂದಳು. ಆಗಲೂ ಕಾಲ ಮಿಂಚಿರಲಿಲ್ಲ. ಆ ತುಣುಕನ್ನು ಕಿತ್ತುಹಾಕಬಹುದಿತ್ತು. ಆದರೆ ಹಿಂದಿನ ದಿನವಷ್ಟೇ ಶಿಬಿರ ನಡೆಸುವವರು ಅಭ್ಯಾಸ ನೋಡಿ, ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಈ ಸಲ ಗೆದ್ದುಬಿಟ್ರಿ," ಎಂದು ಬೆನ್ನು ತಟ್ಟಿ ಹೋಗಿದ್ದರು. ಬ್ರೆಡ್ ಅಂಗಡಿ ಅಲ್ಲವೇ, ಎಂದು ಅಕ್ಕ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನಾಟಕದ ದಿನ ಕುರ್ಚಿ ಸಾಲದೆ ಜನ ಗೋಡೆಗುಂಟ ನಿಂತಿದ್ದರು. ಗುಂಡಿಯ ಅಮ್ಮ ಮುಂದಿನ ಸಾಲುಗಳಲ್ಲೇ ಕೂತಿದ್ದಳು. ಅಕ್ಕಪಕ್ಕದಲ್ಲಿದ್ದವರೆಲ್ಲ ಅವಳ ಅಂಗಡಿಗೆ ಬಟ್ಟೆ ಕೊಡುವ ಹೆಂಗಸರು. ಪರದೆಯ ಮರೆಯಲ್ಲಿ ಅಕ್ಕನ ಪಕ್ಕ ಗುಂಡಿ ನಿಂತಿದ್ದಳು. ಅವಳದ್ದು ಪೋಸ್ಟ್‌ಮ್ಯಾನ್ ಪಾತ್ರ, ಒಂದೇ ಮಾತು. ಗಂಟೆ ವೇದಿಕೆಗೆ ಹೊರಟವಳು ಏನೋ ಹೊಳೆದಂತೆ ಹಿಂದಕ್ಕೆ ಬಂದು, ಉಡುಪಿನ ಮೇಜಿನ ಮೇಲಿದ್ದ ಅಳತೆಯ ಟೇಪನ್ನು ಎತ್ತಿ ಕೊರಳಿಗೆ ಹಾಕಿಕೊಂಡಳು. ಎರಡು ಗುಂಡುಪಿನ್ನುಗಳನ್ನು ತುಟಿಗೆ ಸಿಕ್ಕಿಸಿಕೊಂಡಳು.

ಗುಂಡಿ ಅಕ್ಕನ ತೋಳು ಹಿಡಿದಳು. "ಅಕ್ಕ, ಟೇಪು..."

ಅಕ್ಕ ನೋಡಿದಳು. ನೋಡಿ, ಇದು ಎಷ್ಟು ಸರಿಯಾಗಿ ಕೂತಿದೆ ಎಂದುಕೊಂಡಳು. "ಶ್... ಇರ್ಲಿ ಬಿಡು," ಎಂದಳು.

ಗಂಟೆ ಬೆಳಕಿಗೆ ಹೋಗಿ, ಭುಜಕ್ಕೂ ಕೆನ್ನೆಗೂ ನಡುವೆ ಫೋನು ಸಿಕ್ಕಿಸಿ, ಪಿನ್ನುಗಳ ಸಂದಿಯಿಂದ "ಹೂಂ ರೀ..." ಎಂದಳು. ಮೊದಲ ಮಾತಿಗೇ ನಗೆ ಎದ್ದಿತು. ಫೋನು ರಿಂಗಾದಾಗ ಇಡೀ ಹಾಲ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗೆಯ ನಡುವೆ ಟೈಲರ್ ಹೆಂಗಸಿನ ಎಡಬಲದಲ್ಲಿದ್ದ ಒಬ್ಬೊಬ್ಬರೇ ನಗು ನುಂಗಿಕೊಂಡು ಅವಳ ಕಡೆ ಓರೆಗಣ್ಣಿನಿಂದ ನೋಡುವುದು ಪರದೆಯ ಸಂದಿಯಿಂದ ಅಕ್ಕನಿಗೆ ಕಂಡಿತು. ಅವರೆಲ್ಲ ಆ ಅಂಗಡಿಯಲ್ಲಿ ನಿಂತು ಆ ಮಾತುಗಳನ್ನು ಕೇಳಿದವರು. ಟೈಲರ್ ಮಾತ್ರ ನಗುತ್ತಲೇ ಇದ್ದಳು, ಎಲ್ಲರಿಗಿಂತ ಜೋರಾಗಿ. ಅಕ್ಕ ಪಕ್ಕಕ್ಕೆ ತಿರುಗಿದಳು. ತೋಳು ಹಿಡಿದಿದ್ದ ಕೈ ಯಾವಾಗಲೋ ಬಿಟ್ಟುಹೋಗಿತ್ತು.

ನಾಟಕ ಮುಗಿದ ಮೇಲೆ ಗುಂಡಿಯ ಅಮ್ಮ ಒಳಗೆ ಬಂದು ಉಡುಪುಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ತುಂಬಿದಳು. ಗಂಟೆಯ ಕೊರಳಿನಿಂದ ಟೇಪನ್ನು ತಾನೇ ತೆಗೆದುಕೊಂಡು, "ಪಿನ್ನು ಬಾಯಲ್ಲಿ ಇಟ್ಕೋಬೇಡ ಪುಟ್ಟಿ, ನುಂಗಿಬಿಟ್ಟೀಯಾ," ಎಂದಳು. ಅಕ್ಕನಿಗೆ, "ನಾಟಕ ಚೆನ್ನಾಗಿತ್ತು, ಮೇಡಂ," ಎಂದಳು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡದೆ ಮೆಟ್ಟಿಲಿಳಿದು ಹೋದರು.

ಶಿಬಿರ ಮುಗಿದರೂ ನಾಟಕದವರಿಗೆ ವಾರದ ಕೊನೆಯ ತರಗತಿ ಇದ್ದೇ ಇತ್ತು. ಗುಂಡಿ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಶಿಬಿರ ನಡೆಸುವವರು ಮಾತ್ರ ಕುಣಿಯುತ್ತ ಬಂದು, ಊರಿನ ದೊಡ್ಡ ರಂಗಮಂದಿರದಲ್ಲಿ ಇನ್ನೊಂದು ಪ್ರದರ್ಶನಕ್ಕೆ ಕರೆದಿದ್ದಾರೆಂದು ಹೇಳಿಹೋದರು. ಮಕ್ಕಳು ಕೇಕೆ ಹಾಕಿದರು. ಅಕ್ಕನಿಗೆ ಬಾಯಲ್ಲೆಲ್ಲ ಕಹಿ.

ನೆಪಕ್ಕೊಂದು ಪ್ಯಾಂಟು ಹಿಡಿದುಕೊಂಡು ಅವಳು ಟೈಲರ್ ಅಂಗಡಿಗೆ ಹೋದಳು. ಒಂದೇ ಕೋಣೆಯ ಅಂಗಡಿ, ನಡುವೆ ಪರದೆ, ಪರದೆಯಾಚೆ ಮಿಷಿನ್ ಓಡುವ ಸದ್ದು. ಗುಂಡಿಯ ಅಮ್ಮ ಪ್ಯಾಂಟನ್ನು ಹೊರಳಿಸಿ ನೋಡಿ, "ಇದಕ್ಕೇನೂ ಆಗಿಲ್ವಲ್ಲ," ಎಂದಳು.

"ಇಲ್ಲ. ನಿಮ್ಮನ್ನ ನೋಡೋಕೆ ಬಂದೆ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು. "ತಪ್ಪಾಯ್ತು. ಗೊತ್ತಿದ್ದೂ ಮಾಡ್ದೆ."

ಆಕೆ ಕತ್ತರಿಯನ್ನು ಕೆಳಗಿಟ್ಟಳು. ದನಿ ಏರಿಸಲಿಲ್ಲ. "ಇಲ್ಲಿಗೆ ಬರೋರು ನನ್ನ ಬಗ್ಗೆ ಏನಂದ್ಕೊಂಡ್ರೂ ಅಂದ್ಕೊಳ್ಳಲಿ, ಮೇಡಂ. ಆ ಫೋನು ಅವರಿಗೋಸ್ಕರ ಅಲ್ಲ. ಒಳಗೆ ಕೂತಿರ್ತಾಳಲ್ಲ, ಅವಳ ಕಿವಿಗೆ ಬೀಳ್ಲಿ ಅಂತ. ಅಪ್ಪ ನನ್ನ ಮರ್ತಿಲ್ಲ ಅಂದ್ಕೊಳ್ಳಲಿ ಅಂತ." ಮೇಜಿನ ಮೇಲಿದ್ದ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿಕೊಂಡಳು. "ಅವತ್ತು ರಿಂಗಾದಾಗ ಅವಳು ಮಿಷಿನ್ ತುಳೀತಿದ್ಲು. ಸದ್ಯ, ಕೇಳಿಸ್ಲಿಲ್ಲ ಅಂದ್ಕೊಂಡೆ. ಎಲ್ಲಾ ಗೊತ್ತಿದ್ದು ಇಷ್ಟು ದಿನ ನನ್ನ ನೋಡಿ ಒಳಗೊಳಗೇ ನಗ್ತಿದ್ಲಾ? ಅದೊಂದೇ ನನಗೆ ತಡ್ಕೊಳ್ಳೋಕಾಗ್ತಿಲ್ಲ."

"ಅಯ್ಯೋ, ಇಲ್ಲ! ಅವಳು..." ಎಂದ ಅಕ್ಕ ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ಹೇಳಿಬಿಟ್ಟರೆ ಆಕೆಯ ಎದೆ ಹಗುರಾಗುತ್ತಿತ್ತು, ತನ್ನದೂ. ಆದರೆ ಅದೂ ಆ ಹುಡುಗಿಯ ಮಾತೇ. ಇನ್ನೊಮ್ಮೆ ಅವಳ ಮಾತನ್ನು ಎತ್ತಿಕೊಂಡು ಬೇರೆಯವರಿಗೆ ಕೊಡುವುದೇ? "ಅವಳು ನಮಗೆ ತೋರಿಸಿದ್ದು ಅಷ್ಟೇ ಅಲ್ಲ. ಇನ್ನೂ ಒಂದು ಭಾಗ ಇತ್ತು, ಅದು ಅವಳದ್ದು. ಅದನ್ನ ಕತ್ತರಿಸಿ ಹಾಕಿದ್ದು ನಾನು. ಏನಿತ್ತು ಅಂತ ಅವಳನ್ನೇ ಕೇಳಿ."

"ಯಾಕೆ ಕತ್ತರಿಸಿದ್ರಿ?"

"ಅದಿದ್ರೆ ಯಾರೂ ನಗ್ತಿರ್ಲಿಲ್ಲ."

ಪರದೆಯಾಚೆ ಮಿಷಿನ್ ನಿಂತಿತ್ತು. ಗುಂಡಿ ಪರದೆ ಸರಿಸಿ ನಿಂತಳು. ಕಣ್ಣುಗಳು ಊದಿಕೊಂಡಿದ್ದವು. "ನಾನು ಹೂಂ ಅಂದೆ ಅಲ್ವಾ ಅಕ್ಕ," ಎಂದಳು. "ನಂದೇ ತಪ್ಪು."

ಅಕ್ಕ ಅವಳ ಹತ್ತಿರ ಹೋದಳು. ಇಷ್ಟು ದಿನ ಈ ಮಗು ಇದನ್ನು ಹೊತ್ತುಕೊಂಡು ಕೂತಿದೆ. "ಅಲ್ಲ ಕಂದ. ಎಲ್ಲರ ಮುಂದೆ ಕೇಳಿದ್ರೆ ನೀನು ಬೇಡ ಅನ್ನಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಗೆ ಕೇಳಿದೆ. ನೀನು ಟೇಪು ಅಂದಾಗ್ಲೂ ನಾನು ಕೇಳಿಸ್ಕೊಳ್ಳಲಿಲ್ಲ. ನಿನ್ನದೇನೂ ತಪ್ಪಿಲ್ಲ. ಅಮ್ಮನ ಮುಂದೇನೇ ಹೇಳ್ತಿದ್ದೀನಿ."

ಹುಡುಗಿ ಅವಳನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಸರಿ," ಎಂದು ಮತ್ತೆ ಒಳಗೆ ಹೋದಳು. ಮಿಷಿನ್ ಮಾತ್ರ ಶುರುವಾಗಲಿಲ್ಲ. ಅವಳ ಅಮ್ಮ ಪ್ಯಾಂಟನ್ನು ನೀಟಾಗಿ ಮಡಿಸಿ ಅಕ್ಕನ ಕೈಗಿಟ್ಟಳು. ಕೂತುಕೊಳ್ಳಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಅಕ್ಕ ತಾನಾಗಿಯೇ ಹೊರಟಳು.

ಮುಂದಿನ ತರಗತಿಯಲ್ಲಿ ಅವಳು ಮಕ್ಕಳಿಗೆ ನೇರವಾಗಿ ಹೇಳಿದಳು. "ಈ ರೂಮಿನ ಕಟ್ಟಳೆ ಮುರಿದಿದ್ದು ನಾನು. ಫೋನಿನ ಸೀನು ಇನ್ನು ಇರಲ್ಲ." ಗಂಟೆಯ ಕಣ್ಣಲ್ಲಿ ನೀರು ಬಂತು, ಟೇಪು ಹಾಕಿಕೊಂಡಿದ್ದು ತಾನಲ್ಲವೇ ಎಂದು ಅವಳಿಗೆ. ಅವಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ಸಮಾಧಾನ ಮಾಡಬೇಕಾಯಿತು. ಶಿಬಿರ ನಡೆಸುವವರಿಗೆ ಸಿಟ್ಟು ಬಂತು. "ಜನ ನೋಡೋಕೆ ಬರೋದೇ ಅದಕ್ಕೆ. ಅದಿಲ್ದೆ ಇನ್ನೇನಿದೆ ನಿಮ್ಮ ನಾಟಕದಲ್ಲಿ?" ಎಂದರು. ಅವರು ಹೇಳಿದ್ದು ಸುಳ್ಳೇನೂ ಆಗಲಿಲ್ಲ. ರಂಗಮಂದಿರದಲ್ಲಿ ನಾಟಕ ತೆವಳಿತು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿ ಎದ್ದುಹೋದರು.

ಗುಂಡಿ ಮತ್ತೆ ನಾಟಕಕ್ಕೆ ಬರಲಿಲ್ಲ. ಈಜು ಕಲಿಯಲು ಸೇರಿದ್ದಾಳೆಂದು ರೈಲು ಹೇಳಿದ. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಅಕ್ಕನಿಗೆ ಅವಳು ಎದುರಾದಳು. ಒದ್ದೆ ಕೂದಲು, ಬೆನ್ನಿಗೆ ಚೀಲ. ಇಬ್ಬರಿಗೂ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ಹೇಗಿದ್ದೀಯಾ?" ಎಂದಳು ಅಕ್ಕ.

"ಚೆನ್ನಾಗಿದ್ದೀನಿ." ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಗುಂಡಿ ಹೇಳಿದಳು, "ಅಮ್ಮಂಗೆ ಹೇಳಿದೆ ಅಕ್ಕ. ಉಳಿದಿದ್ದೂ."

"ಏನಂದ್ರು?"

ಗುಂಡಿ ಚೀಲದ ಪಟ್ಟಿಯನ್ನು ಬಿಗಿ ಮಾಡಿಕೊಂಡಳು. ಅದನ್ನು ತಾನು ಕೇಳಬಾರದಿತ್ತೆಂದು ಅಕ್ಕನಿಗೆ ಆ ಕ್ಷಣವೇ ಅನ್ನಿಸಿತು. ಬಸ್ಸು ಬಂತು. ಹುಡುಗಿ ಹತ್ತಿ, ಕಿಟಕಿಯಾಚೆಯಿಂದ ತಲೆಯಾಡಿಸಿದಳು. ಅದು ಕ್ಷಮೆಯೋ ಬರೀ ಮರ್ಯಾದೆಯೋ ಎಂದು ಅಕ್ಕ ಬಹಳ ದಿನ ತಲೆ ಕೆಡಿಸಿಕೊಂಡಳು.

ಮುಂದಿನ ರಜೆಗೆ ಮತ್ತೆ ಶಿಬಿರ, ಮತ್ತೆ ಹೊಸ ಮಕ್ಕಳು. ಎರಡನೆಯ ಕಟ್ಟಳೆಯನ್ನು ಹೇಳುವಾಗ ಅಕ್ಕನ ಕೈ ಎದೆಗೆ ಹೋಗಲಿಲ್ಲ. ಒಂದು ಬೆಳಗ್ಗೆ ಪುಟ್ಟ ಹುಡುಗನೊಬ್ಬ, ತನ್ನ ಅಪ್ಪ ಕೆಲಸ ಹೋಗಿದ್ದನ್ನು ಮನೆಯಲ್ಲಿ ಹೇಳದೆ ದಿನಾ ಬೆಳಗ್ಗೆ ಬೂಟು ಹಾಕಿಕೊಂಡು ಪಾರ್ಕಿಗೆ ಹೋಗಿ ಕೂರುವುದನ್ನು ಮಾಡಿ ತೋರಿಸಿದ. ಬೆಂಚಿನ ಮೇಲೆ ಬೂಟು ಬಿಚ್ಚಿ ಪಾರಿವಾಳಗಳಿಗೆ ಭಾಷಣ ಮಾಡುವುದನ್ನಂತೂ ಎಷ್ಟು ಚೆಂದ ಮಾಡಿದನೆಂದರೆ ಮಕ್ಕಳೆಲ್ಲ ನಕ್ಕು ನಕ್ಕು ಸುಸ್ತಾದರು. ಅಕ್ಕನೂ ನಕ್ಕಳು. "ಚೆನ್ನಾಗಿ ಮಾಡ್ದೆ ಮರಿ. ಇದು ನಿಂದು, ನಿನ್ನ ಹತ್ರಾನೇ ಇರ್ಲಿ. ಮುಂದೆ ಯಾರು?" ಎಂದಳು.

ಹಾಗೆಂದಳು, ನಿಜ. ಆದರೆ ಆ ಹೊತ್ತಿಗಾಗಲೇ ಅವಳ ತಲೆಯೊಳಗೆ ಆ ಬೆಂಚನ್ನು ವೇದಿಕೆಯ ಯಾವ ಕಡೆ ಇಡಬೇಕು, ಬೆಳಕು ಎಲ್ಲಿಂದ ಬೀಳಬೇಕು ಎಂಬುದೆಲ್ಲ ಮುಗಿದಿತ್ತು. ಅದು ಗೊತ್ತಾಗಿ ಅವಳಿಗೆ ನಾಚಿಕೆಯಾಯಿತು. ಕನ್ನಡಿಯ ಕಡೆ ಬೆನ್ನು ತಿರುಗಿಸಿ ಕೂತಳು.