ಒಗ್ಗರಣೆ ಡಬ್ಬಿ ಮಾತ್ರೆ ಹೊತ್ತದ್ದು

ನಾನು ಒಂದು ಸ್ಟೀಲಿನ ಒಗ್ಗರಣೆ ಡಬ್ಬಿ. ಹೊಟ್ಟೆಯೊಳಗೆ ಏಳು ಬಟ್ಟಲು, ಮೇಲೊಂದು ಬಿಗಿ ಮುಚ್ಚಳ. ಎಲ್ಲೋ ಅಚ್ಚಿನ ಕೆಳಗೆ ಒಂದೇ ಏಟಿಗೆ ಹುಟ್ಟಿದೆ. ಊರಿನ ಹೆಸರು ಯಾರೂ ಹೇಳಲಿಲ್ಲ. ನೀಲವ್ವನ ಮದುವೆಯಲ್ಲಿ ಆಕೆಯ ಸೋದರಮಾವ ನನ್ನನ್ನು ಮುಯ್ಯಿ ಮಾಡಿದ. ಹಾಗೆ ಬ್ಯಾಡಗಿಯ ದರ್ಜಿ ಫಕ್ಕೀರಪ್ಪನ ಅಡುಗೆಮನೆ ಸೇರಿದೆ. ಇಪ್ಪತ್ತಾರು ವರ್ಷ ಸಾಸಿವೆ, ಜೀರಿಗೆ, ಖಾರದ ಪುಡಿ ಹೊತ್ತೆ. ಅಷ್ಟು ವರ್ಷದಲ್ಲಿ ಬಾರದ ಸಿಟ್ಟು ಮಾತ್ರೆ ಹೊರಲು ಶುರುಮಾಡಿದ ಮೇಲೆ ಬಂತು.

ಫಕ್ಕೀರಪ್ಪನ ಎರಡೂ ಕಿಡ್ನಿ ಕೈಕೊಟ್ಟವು. ಅವನ ಅಕ್ಕ ಕಲ್ಲವ್ವ ತನ್ನದೊಂದನ್ನು ಕೊಟ್ಟಳು. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಆಪರೇಷನ್ ಆಯಿತು. ಮನೆಗೆ ಕಳಿಸುವ ಮುಂಚೆ, ರೋಗಿಯನ್ನು ನೋಡಿಕೊಳ್ಳುವವರಿಗೆ ಅಲ್ಲಿ ಐದು ದಿನ ಪಾಠ. ಕಲಿಸುವವರು ಜಯಶೀಲಾ ಸಿಸ್ಟರ್. ಅವರು ಕೊಟ್ಟ ಪುಸ್ತಕವನ್ನು ನೀಲವ್ವ ಹಣೆಗೆ ಒತ್ತಿಕೊಂಡು ಚೀಲಕ್ಕೆ ಹಾಕಿದಳು. ಅಕ್ಷರ ಬಾರದವಳು ಇನ್ನೇನು ಮಾಡಿಯಾಳು? ಎರಡು ದಿನ ಮಾತ್ರೆ ತಪ್ಪಾಗಿ ಜೋಡಿಸಿದಳು. ಮೂರನೆಯ ದಿನ ಊರಿಂದ ನನ್ನನ್ನು ತರಿಸಿ, ತೊಳೆದು ಒಣಗಿಸಿ, ಪಾಠಕ್ಕೆ ಹೊತ್ತುತಂದಳು.

"ಇದೇನವ್ವಾ, ಇಲ್ಲೇ ಅಡಗಿ ಮಾಡ್ತಿಯೇನು?" ಎಂದರು ಸಿಸ್ಟರ್.

"ಏಳು ಬಟ್ಟಲ ಅದಾವ್ರಿ, ವಾರದ ಏಳು ದಿನಕ್ಕ. ನಡುವಿಂದು ಸೋಮಾರ, ನೆಗ್ಗಿದ್ದು ಮಂಗಳಾರ, ಅಲ್ಲಿಂದ ಬಲಕ್ಕ ಸುತ್ತಕೋತ ಹೋಗೂದು. ಮುಂಜಾನಿ ಮಾತ್ರಿಗೆ ಬಿಳಿ ದಾರ ಕಟ್ಟೀನಿ, ಸಂಜಿ ಮಾತ್ರಿಗೆ ಕರಿ ದಾರ. ದರ್ಜಿ ಮನ್ಯಾಗ ದಾರಕ್ಕೇನ ಬರ?"

ಸಿಸ್ಟರ್ ನನ್ನನ್ನು ಮೂಸಿ ನೋಡಿದರು. "ಮಾತ್ರಿ ಬಿಚ್ಚಿ ಹಾಕಬ್ಯಾಡ. ಹಾಳಿ ಸಮೇತ ಕತ್ತರಿಸಿ ಹಾಕು," ಎಂದು ಒಪ್ಪಿದರು.

ಮನೆಗೆ ಬಂದೆವು. ಒಂದು ಮಾತ್ರೆಯೂ ತಪ್ಪಲಿಲ್ಲ. ಆದರೆ ನೋಡಲು ಬಂದವರು ಮೂಗು ಸೋರಿಸುತ್ತಲೇ ಹಾಸಿಗೆಯ ಮೇಲೆ ಕೂತರು. ಬೇಡವೆಂದು ಹೇಳಿ ಹೇಳಿ ನೀಲವ್ವನ ಗಂಟಲು ಒಣಗಿತು. ಎಲ್ಲರಿಗಿಂತ ಹೆಚ್ಚಿನ ತಲೆಬೇನೆ ಕಲ್ಲವ್ವನದು. ದಿನಾ ಬರುವಳು. ತಮ್ಮ ಹೇಗಿದ್ದಾನೆ ಎಂದು ಕೇಳುತ್ತಿರಲಿಲ್ಲ, "ನನ್ನ ಕಿಡ್ನಿ ಹೆಂಗೈತಿ?" ಎನ್ನುವಳು. ಒಂದು ದಿನ ಅಮೃತಬಳ್ಳಿ ಕಷಾಯ ಕಾಸಿಕೊಂಡು ತಂದಳು.

"ಬ್ಯಾಡ್ರಿ ಅಕ್ಕಾರ. ಕೇಳದ ಏನೂ ಕೊಡಬ್ಯಾಡ ಅಂದಾರ ಸಿಸ್ಟರ್."

"ಮೈಯಾಗ ಶಕ್ತಿ ಇಲ್ಲಂದ್ರ ನನ್ನ ಕಿಡ್ನಿ ಹೆಂಗ ಉಳೀಬೇಕು? ಕೊಟ್ಟಾಕಿ ನಾನೋ, ನಿನ್ನ ಸಿಸ್ಟರೋ?"

ನೀಲವ್ವ ಲೋಟವನ್ನು ವಾಪಸು ಕಳಿಸಿದಳು. ಮರುದಿನದಿಂದ ಕಲ್ಲವ್ವ, ನೀಲವ್ವ ನೀರಿಗೆ ಹೋದ ಹೊತ್ತು ನೋಡಿ ಬರತೊಡಗಿದಳು. ಫಕ್ಕೀರಪ್ಪ ಮುಖ ಕಿವುಚಿ ಕುಡಿಯುತ್ತಿದ್ದ. ಕಿಡ್ನಿ ಕೊಟ್ಟವಳಿಗೆ ಕಷಾಯ ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ನನಗಂತೂ ಬಾಯಿಯೇ ಇಲ್ಲ. ಮುಚ್ಚಳವನ್ನಾದರೂ ಬಡಿಯೋಣವೆಂದರೆ ಅದು ಬಿಗಿ. ಗೂಡಿನಲ್ಲಿ ಕೂತು ಹತ್ತೊಂಬತ್ತು ದಿನ ನೋಡಿದೆ.

ತಪಾಸಣೆಗೆ ಹೋದಾಗ ರಕ್ತ ಪರೀಕ್ಷೆಯ ಅಂಕಿ ಏರಿತ್ತು. ಹೊಸ ಕಿಡ್ನಿಯನ್ನು ಮೈ ಒಲ್ಲೆನ್ನುತ್ತಿದೆ ಎಂದರು ಡಾಕ್ಟರು. ಮತ್ತೆ ಮಂಚ, ಮತ್ತೆ ಸೂಜಿ.

"ಮಾತ್ರಿ ತಪ್ಪಿಸಿದ್ಯಾ?" ಎಂದು ಸಿಸ್ಟರ್ ಗದರಿದರು. ನೀಲವ್ವ ನನ್ನ ಮುಚ್ಚಳ ತೆಗೆದಳು. ಉಳಿದ ಮಾತ್ರೆಗಳ ದಾರದ ಲೆಕ್ಕ ಸರಿಯಿತ್ತು. ಆಗ ಮಂಚದಿಂದ ಫಕ್ಕೀರಪ್ಪ ಗೋಡೆ ನೋಡುತ್ತ ಹೇಳಿದ: "ಅಕ್ಕ ಕಷಾಯ ಕೊಟ್ಲು. ನಾ ಕುಡದೆ."

"ಶಕ್ತಿ ಬರ್ಲಿ ಅಂತ ಕೊಟ್ಟೆ. ವಿಷ ಕೊಟ್ಟೆನೇನು?" ಬಾಗಿಲಲ್ಲಿ ನಿಂತಿದ್ದ ಕಲ್ಲವ್ವ ಅಂದಳು.

ಸಿಸ್ಟರ್ ಪುಸ್ತಕ ತೆರೆದು ವಿವರಿಸತೊಡಗಿದರು. ಕಲ್ಲವ್ವ ಫ್ಯಾನು ನೋಡುತ್ತಿದ್ದಳು. ನೀಲವ್ವನಿಗೆ ಸಾಕಾಯಿತು.

"ಅಕ್ಕಾರ, ಇಲ್ಲಿ ಕೇಳ್ರಿ. ಇವರ ಮೈಯಾಗ ಕಾವಲಿನವರು ಅದಾರ. ನಿಮ್ಮ ಕಿಡ್ನಿ ಅವರಿಗೆ ಗುರ್ತಿಲ್ಲ. ಕಳ್ಳ ಅಂತ ಬಡ್ಯಾಕ ಬರ್ತಾರ. ಈ ಮಾತ್ರಿ ಅವರನ್ನ ಮಲಗಸ್ತಾವ. ನೀವು ಕಷಾಯ ಕುಡಿಸಿ ಎಬ್ಬಸೀರಿ. ಎದ್ದವರು ಬಡದದ್ದು ಯಾರನ್ನ?"

ಕಲ್ಲವ್ವನ ಕೈ ತಾನಾಗಿ ತನ್ನ ಪಕ್ಕೆಯ ಹೊಲಿಗೆಗೆ ಹೋಯಿತು. ಅದನ್ನು ಸವರುತ್ತ ಅಂದಳು: "ನನ್ನ ಕಿಡ್ನಿ ಬಡ್ಯಾಕ ನಾನ ಆಳು ಕಳಿಸಿದಂಗಾತಲ್ಲ."

ಹನ್ನೊಂದು ದಿನ ಸೂಜಿಮದ್ದು ನಡೆಯಿತು. ಅಂಕಿ ಇಳಿಯಿತು, ಪೂರ್ತಿಯಲ್ಲ. ಕಿಡ್ನಿ ಅಷ್ಟಾದರೂ ಉಳಿಯಿತು, ಫಕ್ಕೀರಪ್ಪ ಮತ್ತೆ ಹೊಲಿಗೆ ಮಷೀನಿನ ಮುಂದೆ ಕೂತ. "ಪಾಠಕ್ಕ ನಿನ್ನೊಬ್ಬಾಕೀನ ಕರದದ್ದು ನನ್ನ ತಪ್ಪು," ಎಂದರು ಸಿಸ್ಟರ್ ನೀಲವ್ವನಿಗೆ.

ಈಗ ನನಗೆ ವಯಸ್ಸಾಗಿದೆ. ಆ ಮನೆಯಲ್ಲಿ ಮಾತ್ರೆಗೆ ಪ್ಲಾಸ್ಟಿಕ್ ಡಬ್ಬಿ ಬಂದಿದೆ. ಪಾಠಕ್ಕೆ ಬೇಕೆಂದು ಕೇಳಿ ಇಟ್ಟುಕೊಂಡ ಸಿಸ್ಟರ್ ಅವರ ಕಪಾಟಿನಲ್ಲಿ ನಾನಿದ್ದೇನೆ. ತಪಾಸಣೆಗೆ ಬಂದ ದಿನ ನೀಲವ್ವ ನನ್ನನ್ನು ತೆಗೆದು ಹೊಸಬರಿಗೆ ಕಲಿಸುತ್ತಾಳೆ. ಕಂಡವರ ಕೈಯಿಂದ ಬಿದ್ದು ಬಿದ್ದು ಏಳೂ ಬಟ್ಟಲು ನೆಗ್ಗಿವೆ. ಒಂದು ಮಾತು ಅರಿತಿದ್ದೇನೆ: ಪ್ರೀತಿ ಇದ್ದವರಿಗೆ ಕಲಿಸುವುದು ಬಲು ಕಷ್ಟ. ಮಾತು ಮುಗಿಯುವ ಮುಂಚೆಯೇ ಅವರು ಏನಾದರೊಂದನ್ನು ಕುದಿಯಲು ಇಟ್ಟಿರುತ್ತಾರೆ.

ಮೊನ್ನೆ ಒಬ್ಬ ಸೊಸೆ, ಗಂಡನ ಮಾತ್ರೆ ಜೋಡಿಸುವುದನ್ನು ಕಲಿಯಲು ಬಂದಿದ್ದಳು. ಬುಧವಾರದ್ದನ್ನು ಗುರುವಾರಕ್ಕೆ ಹಾಕಿದಳು. ನೀಲವ್ವ ನನ್ನನ್ನು ಬೋರಲು ಹಾಕಿ, "ಮತ್ತ ಹಾಕವ್ವಾ," ಎಂದಳು. ಮತ್ತೆ ತಪ್ಪು, ಮತ್ತೆ ಬೋರಲು. ಮೂರನೆಯ ಸಲ ಸರಿಹೋಯಿತು. ಆ ಹುಡುಗಿ ಬೆವರು ಒರೆಸಿಕೊಂಡು ಏಳಹೋದಳು.

"ಕೂಡು," ಎಂದಳು ನೀಲವ್ವ. "ಇನ್ನ ನಿಮ್ಮತ್ತೀನ ಕರಿ."