ಗೂಬೆಯ ಕಾಲಡಿಯ ಕೆಂಪು

"ಚಿಕ್ಕಪ್ಪ, ನೀವು ಕಾಲಿನ ಕಡೆ ಹಿಡ್ಕೊಳ್ಳಿ," ಎಂದ ಅಣ್ಣನ ಮಗ.

ಮಹಡಿ ಮೆಟ್ಟಿಲು ಇಕ್ಕಟ್ಟು. ತಿರುವಿನಲ್ಲಿ ಸ್ಟ್ರೆಚರ್ ಗೋಡೆಗೆ ಕಚ್ಚಿಕೊಂಡಿತು. ಸತ್ತವನ ತಮ್ಮ ಒಂದು ಮೆಟ್ಟಿಲು ಕೆಳಗಿಳಿದು, ಭಾರವನ್ನೆಲ್ಲ ಎದೆಗೆ ಆನಿಸಿಕೊಂಡು, ಅಣ್ಣನನ್ನು ಸ್ವಲ್ಪ ಓರೆ ಮಾಡಿ ಬಿಡಿಸಿದ. ಎರಡು ಕೈಯೂ ಹೆಣ ಹೊತ್ತಿದ್ದರೂ ಅಣ್ಣನ ಮಗ ಆ ಕೈಗಳ ಮೇಲಿಂದ ಕಣ್ಣು ಕೀಳಲಿಲ್ಲ. ಅವನು ವಿಮೆ ಕಂಪನಿಯವನು. ಅಂಗಡಿ ಸುಟ್ಟುಹೋಯಿತು ಎಂದರೆ ಮೊದಲು ಅಂಗಡಿಯವನ ಜೇಬಿನಲ್ಲಿ ಬೆಂಕಿಪೊಟ್ಟಣ ಹುಡುಕುವ ಪೈಕಿ.

ಕೆಳಗಿನ ಮುಂಗೋಣೆಯೇ ಸತ್ತವನ ಕೆಲಸದ ಕೋಣೆ. ಕಿಟಕಿ ಪಕ್ಕ ಮೇಜು, ಬಗ್ಗಿಸುವ ದೀಪ, ಗಾಜಿನ ಗೂಡಿನಲ್ಲಿ ತಕ್ಕಡಿ. ಗೋಡೆಗುಂಟ ನಾಣ್ಯಗಳ ಬೀರು. ಗ್ರೀಕರ ಹಳೆ ನಾಣ್ಯ ಯಾರ ಕೈಗೆ ಸಿಕ್ಕರೂ ಅದು ಯಾವ ಊರಿನದು, ಯಾವ ಕಾಲದ್ದು, ಏನು ಬಾಳುತ್ತದೆ ಎಂದು ಕೇಳಲು ಈ ಕೋಣೆಗೇ ಬರಬೇಕಿತ್ತು. ಬೀದಿಯವರು ಅವನನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಬದನೆಕಾಯಿಯನ್ನೂ ದೀಪದಡಿ ಹಿಡಿದು ನೋಡಿ ಕೊಳ್ಳುವ ಆಸಾಮಿ ಎಂದು ತರಕಾರಿಯವಳು ಈಗಷ್ಟೇ ಬಾಗಿಲಲ್ಲಿ ನೆನೆದು, ನಗುತ್ತಲೇ ಕಣ್ಣೊರೆಸಿಕೊಂಡಿದ್ದಳು.

ಸ್ಟ್ರೆಚರ್ ಇಳಿಸಿದ ಮೇಲೆ ತಮ್ಮ ಬೆನ್ನು ನೇರ ಮಾಡಿ, ಆಸರೆಗೆಂದು ಬೀರುವಿನ ಮೇಲೆ ಕೈಯಿಟ್ಟ. ಕೋಣೆಯ ಮಾತು ಗಕ್ಕನೆ ನಿಂತಿತು. ಅವನು ಕೈ ತೆಗೆದು ಜೇಬಿಗೆ ಹಾಕಿದ. ಅದು ಇನ್ನೂ ತಪ್ಪು ಎನಿಸಿ ಹೊರಗೆ ತೆಗೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಏನೂ ಕದಿಯದವನಿಗೂ ಹೆಗಲು ಇರುತ್ತದಲ್ಲ.

*

ಒಂದು ಕಾಲದಲ್ಲಿ ಈ ಮೇಜಿಗೆ ಎರಡು ಕುರ್ಚಿ. ಅಣ್ಣ ನೋಡುವವನು, ತಮ್ಮ ತೂಗುವವನು. ಮೊದಲು ಅಂಚು ನೋಡಬೇಕು, ಮುಖ ಆಮೇಲೆ ಎಂದು ಅಣ್ಣ ಕಲಿಸಿದ್ದ: ಮುಖಕ್ಕೆ ಯಾರು ಬೇಕಾದರೂ ಬಣ್ಣ ಹಚ್ಚುತ್ತಾರೆ, ಅಂಚಿಗೆ ಹಚ್ಚುವಷ್ಟು ತಾಳ್ಮೆ ಕಳ್ಳನಿಗೆ ಇರುವುದಿಲ್ಲ.

ಕೆಲವು ನಾಣ್ಯಗಳ ಮೇಲೆ ಆಳವಾದ ಗಾಯ ಇರುತ್ತಿತ್ತು. ಆ ಕಾಲದಲ್ಲೂ ತಾಮ್ರಕ್ಕೆ ಬೆಳ್ಳಿ ಹೊದಿಸಿ ಮೋಸ ಮಾಡುತ್ತಿದ್ದರು. ಅದಕ್ಕೇ ಸಂತೆಯ ಜನ ಉಳಿಯಿಟ್ಟು ಹೊಡೆದು ಒಳಗೇನಿದೆ ನೋಡುತ್ತಿದ್ದರು. ಅಂಥ ನಾಣ್ಯಕ್ಕೆ ಈಗ ಅರ್ಧ ಬೆಲೆಯೂ ಬಾರದು. ಅಣ್ಣನಿಗೆ ಮಾತ್ರ ಅವುಗಳ ಮೇಲೆ ಪ್ರೀತಿ. "ಯಾರೋ ಪುಣ್ಯಾತ್ಮ ನನ್ನ ಪಾಲಿನ ಅನುಮಾನಾನೂ ಪಟ್ಟು ಮುಗಿಸಿದಾನೆ," ಎನ್ನುತ್ತಿದ್ದ.

ಹಾಗಿರುವಾಗ ಒಂದು ಗೂಬೆ ಬಂತು. ಒಂದು ಕಡೆ ಶಿರಸ್ತ್ರಾಣ ತೊಟ್ಟ ದೇವತೆ, ಇನ್ನೊಂದು ಕಡೆ ದುರುಗುಟ್ಟುವ ಗೂಬೆ, ಅಥೆನ್ಸಿನದು. ಮೈತುಂಬ ಕಪ್ಪು ಹಕ್ಕಳೆ. ಅಣ್ಣ ತನ್ನ ಉಳಿತಾಯವನ್ನೆಲ್ಲ ಸುರಿದು ತನಗಾಗಿಯೇ ಕೊಂಡ ಒಂದೇ ನಾಣ್ಯ ಅದು. ಅಣ್ಣ ಊರಲ್ಲಿಲ್ಲದಾಗ ತಮ್ಮ ಅದನ್ನು ಹಕ್ಕಳೆ ಬಿಡಲೆಂದು ಹುಳಿನೀರಿನಲ್ಲಿ ನೆನೆಹಾಕಿದ. ಬಂದವನಿಗೆ ಗೂಬೆಯ ಒಂದೊಂದು ಗರಿಯೂ ಕಾಣಲಿ, ಬೆರಗಾಗಲಿ ಎಂಬ ಆಸೆ. ಹಕ್ಕಳೆ ಕಳಚಿತು, ತೂಕ ಇಳಿಯಿತು, ಗೂಬೆಯ ಕಾಲಡಿಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಎದ್ದಿತು.

ಅಣ್ಣ ಬಂದು ನೋಡಿದ, ತೂಗಿದ, ಇನ್ನೊಮ್ಮೆ ನೋಡಿದ. ಇದು ನನ್ನ ನಾಣ್ಯವಲ್ಲ, ಒಳಗಿನ ತಾಮ್ರ ಇಣುಕುತ್ತಿದೆ, ನನ್ನದನ್ನು ಎಲ್ಲಿಟ್ಟೆ ಎಂದು ಕೇಳಿದ. ನೆನೆಹಾಕಿದ್ದು ನಿಜ, ಬದಲಿಸಿಲ್ಲ ಎಂದ ತಮ್ಮ. ಮಣ್ಣಿನಲ್ಲಿ ತಾಮ್ರದ ಕಾಸುಗಳ ಜೊತೆ ಬಿದ್ದಿದ್ದರೂ ಹೀಗೆ ಕಲೆಯಾಗುತ್ತದೆ ಎಂದ. ಕೊನೆಗೆ, ಉಳಿ ಹಾಕಿ ನೋಡು ಎಂದ. ಅಣ್ಣ ಹಾಕಲಿಲ್ಲ. ಎರಡನೇ ಕುರ್ಚಿಯನ್ನು ಎತ್ತಿ ಅಟ್ಟಕ್ಕೆ ಹಾಕಿದ, ಅಷ್ಟೆ. ಭೂತಗನ್ನಡಿ ತಮ್ಮನ ಮೇಲೇ ಗೂಬೆ ಕೂರಿಸಿದ ಎಂದು ಬೀದಿ ಒಂದು ವಾರ ನಕ್ಕಿತು. ತಮ್ಮ ಇನ್ನೊಂದು ಬೀದಿಯಲ್ಲಿ ಕನ್ನಡಕದಂಗಡಿ ಇಟ್ಟ. ಅಲ್ಲಿಗೆ ಬಂದವರೂ ಹಳೆಯ ಚೌಕಟ್ಟನ್ನು ಅವನ ಕೈಗೆ ಕೊಟ್ಟು ಅತ್ತಿತ್ತ ಸರಿಯುತ್ತಿರಲಿಲ್ಲ.

*

ಹೆಣದ ಗಾಡಿ ಇನ್ನೂ ಬಂದಿರಲಿಲ್ಲ. ನಾಣ್ಯದ ವ್ಯಾಪಾರಿ ಬಂದ. ಸಾವಿಗೆ ಬಂದವನ ಕೈಯಲ್ಲಿ ಚರ್ಮದ ದೊಡ್ಡ ಪೆಟ್ಟಿಗೆ ಯಾಕೆ ಎಂದು ನೆಂಟರು ಕಣ್ಣಲ್ಲೇ ಕೇಳಿಕೊಂಡರು. ಮನೆ ತುಂಬ ಜನ ಓಡಾಡುವಾಗ ಬೀರುವಿನ ನಾಣ್ಯ ಇಲ್ಲಿರುವುದು ಬೇಡ, ವ್ಯಾಪಾರಿಯ ತಿಜೋರಿಯಲ್ಲಿರಲಿ ಎಂದು ತಾನೇ ಕರೆಸಿದ್ದಾಗಿ ಅಣ್ಣನ ಮಗ ಹೇಳಿದ. ಜನ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ.

ವ್ಯಾಪಾರಿ ತಟ್ಟೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಜೋಡಿಸಿದ. ಗೂಬೆಯ ಸರದಿ ಬಂದಾಗ ಅದರಡಿ ಸತ್ತವನು ಬರೆದಿಟ್ಟ ಚೀಟಿ ಓದಿ, ಅದನ್ನು ಬೇರೆ ಮಾಡಿ, ಒಂದು ತಗಡಿನ ಡಬ್ಬಿಗೆ ಹಾಕಿದ. ತಮ್ಮ ಅದೇನೆಂದು ಕೇಳಿದ.

"ನಕಲಿಗಳು. ಕರಗಿಸಿಬಿಡ್ತೀನಿ. ಇಲ್ದಿದ್ರೆ ಮತ್ತೆ ಸಂತೆಗೆ ಬರ್ತವೆ."

"ನೀವೇ ಒಮ್ಮೆ ನೋಡಬಹುದಲ್ಲ?"

"ಅವ್ರು ನಕಲಿ ಅಂದ್ಮೇಲೆ ನಕಲಿ. ಅವ್ರು ನೋಡಿದ್ದನ್ನ ನಾನು ನೋಡಲ್ಲ."

ಆ ನಾಣ್ಯ ಕರಗಿದರೆ ತಮ್ಮ ತಾನು ಸಾಯುವವರೆಗೂ ಕಳ್ಳನೇ. ಈ ಮನುಷ್ಯ ನಿಜಕ್ಕೂ ಕರಗಿಸುತ್ತಾನೋ, ಇಲ್ಲ ತೊಳೆದು ಮಾರುತ್ತಾನೋ, ಅದನ್ನೂ ಬಲ್ಲವರಾರು? ಅವನು ಅತ್ತಿಗೆಯ ಹತ್ತಿರ ಹೋಗಿ, ಡಬ್ಬಿ ಮುಚ್ಚುವ ಮೊದಲು ಗೂಬೆಗೆ ಉಳಿ ಹಾಕಿಸಿ ಎಂದು ಕೇಳಿದ.

ಅತ್ತಿಗೆ ಗಂಡನ ತಲೆಯ ಬಳಿ ಸ್ಟೂಲಿನ ಮೇಲೆ ಕೂತಿದ್ದಳು. ಬೆಳಗಿನಿಂದ ಅವಳು ಮಾತಾಡಿದ್ದೇ ಕಡಿಮೆ.

"ನಾನೂ ಒಂದ್ಸಲ ಕೇಳಿದ್ದೆ ಕಣಪ್ಪ," ಎಂದಳು. "ಯಾಕೆ ಹೀಗೆ ಕೊರಗ್ತೀರಿ, ಒಂದೇಟು ಹೊಡೆದು ನೋಡಿಬಿಡಿ ಅಂದೆ. ತಾಮ್ರ ಬಂದ್ರೆ ತಮ್ಮ ಹೋದ, ಬೆಳ್ಳಿ ಬಂದ್ರೆ ನಾನು ಹೋದೆ, ಹಾಗೇ ಇರ್ಲಿ ಬಿಡು ಅಂದ್ರು." ಅವಳು ಗಂಡನ ಮುಖ ನೋಡಿದಳು. "ಈಗ ಅವ್ರು ಹೇಗೂ ಹೋಗಿದಾರೆ. ಹಾಕು ಉಳಿ."

ಅಣ್ಣನ ಮಗ ಅಡ್ಡ ಬಂದ. ಹೆಣ ಮನೆಯಲ್ಲಿರುವಾಗ ಇದೆಲ್ಲ ಏನು ಎಂದ. ಆಮೇಲೆ ನಿಜವಾದ ಮಾತು ಹೊರಬಿತ್ತು: ಚಿಕ್ಕಪ್ಪನ ಕೈಗೆ ಕೊಟ್ಟರೆ ಹೊಡೆಯುವುದು ಯಾವ ನಾಣ್ಯಕ್ಕೋ, ತೋರಿಸುವುದು ಯಾವುದನ್ನೋ.

"ಹಾಗಾದ್ರೆ ಸುತ್ತಿಗೆ ನೀನು ಹಿಡಿ," ಎಂದಳು ತಾಯಿ.

ಅಡಿಗೆಮನೆಯ ಡಬ್ಬದಿಂದ ಉಳಿ ಬಂತು, ಸುತ್ತಿಗೆ ಬಂತು. ಮಡಿಸಿದ ತೊಗಲಿನ ಮೇಲೆ ಗೂಬೆಯನ್ನು ಇಟ್ಟರು. ತಮ್ಮ ಉಳಿ ಹಿಡಿದ, ಅಣ್ಣನ ಮಗ ಸುತ್ತಿಗೆ ಎತ್ತಿದ. ತಾನು ಬದಲಿಸಿಲ್ಲ ಎಂಬುದು ತಮ್ಮನಿಗೆ ಗೊತ್ತು. ಆದರೆ ಅಣ್ಣನಿಗೆ ಅದನ್ನು ಮಾರಿದವನೇ ತಾಮ್ರದ್ದನ್ನು ಕೊಟ್ಟಿದ್ದರೆ? ಹಕ್ಕಳೆಯಡಿ ಅಣ್ಣನ ಕಣ್ಣೇ ಮೋಸಹೋಗಿದ್ದರೆ? ಈ ಹೆದರಿಕೆಯನ್ನು ಅವನು ಯಾರ ಮುಂದೆಯೂ ಹೇಳಿರಲಿಲ್ಲ, ಹೆಂಡತಿಯ ಮುಂದೆಯೂ.

"ಹೊಡಿ," ಎಂದ.

ಮೊದಲ ಏಟು ಜಾರಿ ಹೆಬ್ಬೆರಳಿಗೆ ಬಿತ್ತು. ಅವನು ಉಳಿ ಬಿಡಲಿಲ್ಲ. "ಇನ್ನೊಂದು."

ಎರಡನೆಯದು ಗೂಬೆಯ ಹೊಟ್ಟೆಗೆ ಇಳಿಯಿತು.

ವ್ಯಾಪಾರಿ ಜೇಬಿನಿಂದ ಮಸೂರ ತೆಗೆದು ದೀಪದಡಿ ಬಗ್ಗಿದ. ನೆಂಟರು ಸಾವನ್ನೂ ಮರೆತು ಕತ್ತು ಚಾಚಿದರು. ಅವನು ನೋಡಿದ, ತಿರುಗಿಸಿ ಇನ್ನೊಮ್ಮೆ ನೋಡಿದ.

"ಬೆಳ್ಳಿ. ತಳದ ತನಕ ಬೆಳ್ಳಿ. ಕೆಂಪು ಬರೀ ಮೇಲಿನ ಕಲೆ."

ಬೆಳ್ಳಿ ಎಂದು ಗೊತ್ತಾಯಿತೇ ಹೊರತು ಅದೇ ನಾಣ್ಯ ಎಂದು ಹೇಗೆ ಗೊತ್ತಾಗಬೇಕು ಎಂದು ಅಣ್ಣನ ಮಗ ಮೆಲ್ಲಗೆ ಗೊಣಗಿದ. ಅವನ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

"ಒಳ್ಳೇ ಗೂಬೆ ಕದ್ದು ಅದ್ರ ಜಾಗಕ್ಕೆ ಒಳ್ಳೇ ಗೂಬೇನೇ ಇಟ್ಟು ಹೋಗೋ ಕಳ್ಳನ್ನ ನಾನು ಕಂಡಿಲ್ಲಪ್ಪ," ಎಂದ ವ್ಯಾಪಾರಿ. ಅಭ್ಯಾಸಬಲದಿಂದ, ಗಾಯವಾದದ್ದರಿಂದ ಈಗ ಅರ್ಧ ಬೆಲೆಗೆ ಎಂದು ಶುರು ಮಾಡಿ, ತಾನೇ ಬಾಯಿ ಮುಚ್ಚಿಕೊಂಡ.

ಅತ್ತಿಗೆ ಎದ್ದು ಬಂದು ಗೂಬೆಯನ್ನು ಮೈದುನನ ಅಂಗೈಯಲ್ಲಿಟ್ಟಳು. ಅವನು ಅದನ್ನೊಮ್ಮೆ ನೋಡಿ, ಮೇಜಿನ ಮೇಲೆ ಇಟ್ಟುಬಿಟ್ಟ. ನನಗೆ ಬೇಡ ಅತ್ತಿಗೆ ಎಂದ. ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡ.

ಅಷ್ಟರಲ್ಲಿ ಗಾಡಿ ಬಂದು ಹಾರ್ನ್ ಮಾಡಿತು. ತಮ್ಮ, ಅಣ್ಣನ ಮಗ, ವ್ಯಾಪಾರಿ, ಎದುರುಮನೆಯಾತ ಸೇರಿ ಸ್ಟ್ರೆಚರ್ ಎತ್ತಿದರು. ಅತ್ತಿಗೆ ಹಿಂದೆ ಹೋದಳು. ನೆಂಟರೂ ಒಬ್ಬೊಬ್ಬರಾಗಿ ಹೊರಬಿದ್ದರು. ಪೆಟ್ಟಿಗೆ ಬಾಯಿ ತೆರೆದೇ ಇತ್ತು, ಬೀರು ತೆರೆದಿತ್ತು, ಬೀದಿಬಾಗಿಲೂ ತೆರೆದಿತ್ತು. ಕಾಯಲು ಯಾರೂ ಇರಲಿಲ್ಲ. ಆರಿಸಲು ಮರೆತ ದೀಪದ ಕೆಳಗೆ, ಹೊಸ ಗಾಯದ ಬಿಳುಪು ಹೊಟ್ಟೆ ತೋರಿಸಿಕೊಂಡು, ಗೂಬೆ ಒಂಟಿಯಾಗಿ ಕೂತಿತ್ತು.